ಹೆಪ್ಪು

ಕಾಗದದ ಗಿರಣಿ ಮುಚ್ಚಿದ ವರ್ಷ
ನನಗೆ ಐವತ್ತೊಂದು.
ಕೈಗೆ ಬಂದ ಗಂಟಿನಲ್ಲಿ ಒಂದು ಪಾಲು ಕಟ್ಟಿ
ಕುಯೋಪಿಯೋದಲ್ಲಿ ಎಂಟು ವಾರಾಂತ್ಯ ಕೂತು
ಲೈಫ್ ಕೋಚ್ ಎಂಬ ಪ್ರಮಾಣಪತ್ರ ತಂದೆ.
ಹಿಲ್ಲೆವಿ ತಸ್ಕಿನೆನ್, ಬಂಗಾರದ ಅಕ್ಷರದಲ್ಲಿ,
ಒಂದಕ್ಷರ ತಪ್ಪಾಗಿ.

ಅಂಚೆಕಚೇರಿಯ ಮೇಲೊಂದು ಕೋಣೆ. ಎರಡು ಕುರ್ಚಿ.
ನಡುವೆ, ಅಳುವವರಿಗೆಂದು, ಟಿಶ್ಯೂ ಡಬ್ಬಿ.
ಮೂರು ತಿಂಗಳಲ್ಲಿ ಅದನ್ನು ಬಳಸಿದವಳು ನಾನೊಬ್ಬಳೇ,
ಅದೂ ನೆಗಡಿಗೆ.
ನಮ್ಮೂರವರು ಮಾತಿಗೆ ದುಡ್ಡು ಕೊಡುವವರಲ್ಲ.
ಮಾತನ್ನೇ ಕೊಡುವವರಲ್ಲ.

ಡಿಸೆಂಬರಿನಲ್ಲಿ ಮುದುಕ ಔಲಿಸ್ ಹೋದ.
ಸೌನಾದ ಎದುರು ಸರೋವರದ ಮಂಜುಗಡ್ಡೆ ಕೊರೆದು
ಮುಳುಗುವವರಿಗೆ ಬಾವಿಯಗಲ ನೀರು ತೆರೆದಿಡುತ್ತಿದ್ದವನು.
ಸಂಘದ ಸಭೆಯಲ್ಲಿ ಎಲ್ಲರೂ ಮೇಜು ನೋಡಿದರು.
ಗರಗಸ ನನ್ನ ಪಾಲಿಗೆ ಬಂತು.
ಕೆಲಸವಿಲ್ಲದವಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಗಿನ ಐದೂವರೆ. ಮೈನಸ್ ಇಪ್ಪತ್ತಮೂರು.
ರೆಪ್ಪೆಗೆ ರೆಪ್ಪೆ ಅಂಟುತ್ತದೆ.
ನಿನ್ನೆ ಕೊರೆದದ್ದು ನಿನ್ನೆಗೇ ಸರಿ;
ರಾತ್ರಿ ನಾಲ್ಕು ಬೆರಳು ದಪ್ಪಕ್ಕೆ ಕಟ್ಟಿಕೊಂಡಿದೆ,
ಯಾರೂ ಎಂದೂ ಮುಟ್ಟಿಯೇ ಇಲ್ಲವೆಂಬಂತೆ.
ಒಂದು ದಿನ ತಪ್ಪಿದರೆ ಹಾರೆ ಸಾಕು,
ಮೂರು ದಿನಕ್ಕೆ ಗರಗಸ,
ಎರಡು ವಾರ ಬಿಟ್ಟರೆ ಜಾಗವೇ ಸಿಗದು.
ಬೈಯುವುದಿಲ್ಲ. ಲೆಕ್ಕ ಇಡುವುದೂ ಇಲ್ಲ.
ಎಂಟು ವಾರಾಂತ್ಯದಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಉರ್ಪೋ ಬಂದದ್ದು ಜನವರಿಯಲ್ಲಿ.
ಗಿರಣಿಯಲ್ಲಿ ಎರಡನೇ ಪಾಳಿಯ ಕ್ರೇನಿನವನು,
ಈಗ ಮೂರೂ ಪಾಳಿ ಕುಡಿಯುವವನು.
ನೀರಿಗಿಳಿಯಲಿಲ್ಲ. ಹಲಗೆಯ ಮೇಲೆ ನಿಂತು
‘ಬಿಡೋದು ಹೇಗೆ’ ಎಂದ,
ನನಗಲ್ಲ, ನೀರಿಗೆ.
ಏಳು ಮೆಟ್ಟಿಲುಗಳ ಚಿತ್ರಪಟ ನನ್ನಲ್ಲಿತ್ತು,
ಅಂಚೆಕಚೇರಿಯ ಮೇಲೆ, ಗೋಡೆಯಲ್ಲಿ.
‘ಆ ತುದಿ ಹಿಡಿ’ ಎಂದೆ.
ಗಡ್ಡೆಯನ್ನು ಇಬ್ಬರೂ ಎಳೆದು ದಡಕ್ಕೆ ಹಾಕಿದೆವು.
‘ನಾಳೆಯೂ ಇದೇ ಕೆಲಸವಾ?’
‘ನಾಳೆಯೂ ಕಟ್ಟುತ್ತಲ್ಲ.’

ಬಂದ. ಬಂದ. ಬರಲಿಲ್ಲ. ಬಂದ.
ಬರದ ದಿನದ ಬಗ್ಗೆ ನಾನು ಕೇಳಲಿಲ್ಲ.

ನನ್ನಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ವೀಲಿ ಅನ್ನುತ್ತೇವೆ,
ಚಮಚೆ ಎತ್ತಿದರೆ ಎಳೆಯೆಳೆಯಾಗಿ ಬರುವ ಮೊಸರು.
ಬಟ್ಟಲು ಬರಿದಾಗುವ ಮುನ್ನ ಒಂದಿಷ್ಟು ಎತ್ತಿಡಬೇಕು
ನಾಳೆಯ ಹಾಲಿಗೆ. ಅದಕ್ಕೆ ಬೀಜ ಎಂದೇ ಹೆಸರು.
ಯುದ್ಧದಲ್ಲಿ ಗಡಿ ಸರಿದಾಗ ಅಜ್ಜಿ
ಅದನ್ನು ಕರವಸ್ತ್ರಕ್ಕೆ ಸವರಿ, ಒಣಗಿಸಿ, ಎದೆಯೊಳಗಿಟ್ಟು ತಂದಳಂತೆ.
ಮನೆ ಬಿಟ್ಟಳು, ಹಸು ಬಿಟ್ಟಳು,
ಹೆಪ್ಪು ಬಿಡಲಿಲ್ಲ.
ಇಷ್ಟನ್ನೂ ಉರ್ಪೋಗೆ ಹೇಳಿದೆ, ಗಂಟಲು ಕಟ್ಟಿ.
‘ನನಗೆ ವೀಲಿ ಸೇರಲ್ಲ’ ಎಂದ, ‘ಲೋಳೆ.’

ಮಾರ್ಚಿನಲ್ಲಿ ನನಗೆ ಜ್ವರ. ಐದು ದಿನ
ಹೊದ್ದು ಮಲಗಿದಲ್ಲೇ ಕೇಳಿಸಿಕೊಂಡೆ,
ನೀರು ಬಾಯಿ ಮುಚ್ಚಿಕೊಳ್ಳುವ ಸದ್ದು.
ಆರನೆಯ ಬೆಳಗ್ಗೆ ಗರಗಸ ಹೊತ್ತು ಹೋದರೆ
ಕಪ್ಪು ನೀರು, ಹಬೆಯಾಡುತ್ತ.
ಅಂಚು ಸೊಟ್ಟ. ಔಲಿಸ್ ನೋಡಿದ್ದರೆ ನಗುತ್ತಿದ್ದ.
ಹಿಮದಲ್ಲಿ ಒಂದೇ ಜೊತೆ ಬೂಟಿನ ಗುರುತು,
ಬಂದದ್ದು, ಹೋದದ್ದು.
ಮೆಟ್ಟಿಲಲ್ಲಿ ಪೇಪರು ಸುತ್ತಿದ ಎರಡು ಮೀನು.
ನನ್ನ ಮೊದಲ ಫೀಸು.

ಉರ್ಪೋ ಈಗಲೂ ಶನಿವಾರ ಕುಡಿಯುತ್ತಾನೆ.
ಇದನ್ನು ಹೇಳದಿದ್ದರೆ ನನ್ನ ಕಸುಬಿಗೆ ಒಳ್ಳೆಯದು.
ಭಾನುವಾರ ಐದೂವರೆಗೆ, ಕಣ್ಣು ಕೆಂಡ,
ಹಾರೆ ಊರಿಕೊಂಡು ನಿಂತಿರುತ್ತಾನೆ, ನನಗಿಂತ ಮೊದಲು.
ಕೋಣೆ ಬಿಟ್ಟುಕೊಟ್ಟೆ. ಕುರ್ಚಿಗಳನ್ನು ಸೌನಾಕ್ಕೆ ತಂದೆ.
ಅವು ಯಾವಾಗಲೂ ಒದ್ದೆ, ಮೇಲೆ ಯಾರದೋ ಟವೆಲು.

ಮೊನ್ನೆ ಹೊಸ ಹುಡುಗಿ, ಹಲ್ಲು ಕಟಕಟಿಸುತ್ತ:
‘ಅಭ್ಯಾಸ ಆಗೋಕೆ ಎಷ್ಟು ದಿನ ಬೇಕು?’
ಕೋರ್ಸಿನಲ್ಲಿ ಕೊಟ್ಟ ಸಂಖ್ಯೆ ನಾಲಿಗೆ ತುದಿಗೆ ಬಂದಿತ್ತು.
ಉರ್ಪೋ ಬಾಯಿ ಹಾಕಿದ:
‘ಏಪ್ರಿಲ್‌ವರೆಗೆ. ಆಮೇಲೆ ನೀರು ತಾನೇ ತೆರೆದಿರುತ್ತೆ.
ನವೆಂಬರಿಗೆ ಮತ್ತೆ ಮೊದಲಿಂದ.’