ರೂವಿಯಲ್ಲಿ ಪೈಪು ತುಂಬಿದ ದಿನ

ನನ್ನದು ಒಂದೇ ಕಿಟಕಿ, ಬೂದು ಬಣ್ಣದ್ದು,
ಅದರೊಳಗೆ ನಾಲ್ಕು ಗುಂಡಿ.
ಗಾಜಿನ ಹೊರಗೆ ರೂವಿಯ ಗುಡ್ಡ, ಒಂದು ಗರಿಕೆಯೂ ಇಲ್ಲದ್ದು,
ಒಲೆಯ ಮೇಲೆ ಮರೆತ ಹಂಚಿನ ಹಾಗೆ.

ಗುಂಡಿ ಒತ್ತಿದರೆ ನನ್ನ ಪ್ರೋಗ್ರಾಮು ಮಕ್ಕಳನ್ನು ಹೆರುತ್ತದೆ.
ಒಂದು ಬತಾಕಾದ ಫೋಟೋ ಎಳೆದು ತರುತ್ತದೆ ಸ್ಕ್ಯಾನರಿನಿಂದ,
ಒಂದು ಊರಿನ ಕಾಗದವನ್ನು ಅರಬಿಗೆ ತಿರುಗಿಸುತ್ತದೆ,
ಒಂದು ಮುದ್ರಿಸಿ ಸಾಯುತ್ತದೆ.
ಹುಟ್ಟುತ್ತಲೇ ನಂಬರು. ತೊಟ್ಟಿಲಿಲ್ಲ, ನಾಮಕರಣವಿಲ್ಲ.
ಸಾಯುವಾಗ ಒಂದು ಅಂಕಿ ಹೇಳಿ ಸಾಯಬೇಕು:
ಸೊನ್ನೆಯೆಂದರೆ ಎಲ್ಲ ಕ್ಷೇಮ,
ಉಳಿದ ಯಾವ ಅಂಕಿಯಾದರೂ ದೂರು.

ಹೆತ್ತದ್ದು ಅದನ್ನು ಕೇಳಿಸಿಕೊಳ್ಳಬೇಕು.
ಕೇಳದಿದ್ದರೆ ಸತ್ತದ್ದು ಪಟ್ಟಿಯಿಂದ ಅಳಿಯುವುದಿಲ್ಲ.
ಅನ್ನ ಬೇಡ ಅದಕ್ಕೆ, ಉಸಿರು ಬೇಡ,
ನಂಬರು ಮಾತ್ರ ಸಾಲಿನಲ್ಲಿ ನಿಂತೇ ಇರುತ್ತದೆ.

ಗುರುವಾರ ಬಂದವನು ಮೌನೇಶ, ಸುರಪುರದ ಕಡೆಯವ,
ಶಟರಿಂಗ್ ಬಡಗಿ. ಉಗುರಲ್ಲಿ ಸಿಮೆಂಟು,
ಕೈಯಲ್ಲಿ ಇನ್ನೊಬ್ಬನ ಬತಾಕಾ,
ಮತ್ತೆ ಊರಿಂದ ಬಂದ ವಾರಸಾ ಕಾಗದ, ಕನ್ನಡದ್ದು.
ಅನುವಾದದ ಮಗುವಿಗೆ ಕೊಟ್ಟೆ.
ಅದು ಅರ್ಧಕ್ಕೆ ನಿಂತಿತು.
ಸತ್ತಿಲ್ಲ. ಬದುಕಿ ಏನೂ ಮಾಡುತ್ತಿಲ್ಲ.
'ಕೊಲ್ಲು ಮಾರಾಯ, ಮತ್ತೆ ಹುಟ್ಟಿಸು, ಸಾಲು ಬಾಗಿಲಾಚೆ ಹೋಯ್ತು,'
ಅಂದಳು ಕೌಂಟರಿನ ಮರ್ಸೆಲಿನ್.
ಕೊಂದೆ. ಹುಟ್ಟಿಸಿದೆ. ಅದೂ ಅಲ್ಲೇ ನಿಂತಿತು.
ಮೂರು ಸಲ ಕೊಂದೆ.
ಕೈ ನಡುಗಲಿಲ್ಲ, ಎರಡು ಕೀ ಅಷ್ಟೆ.

'ಲಾಲಸಾಬ ಹೋಗಿ ಹನ್ನೊಂದ ದಿನಾತ್ರೀ,
ಹೆಸರ ಇನ್ನಾ ಹೋಗವಲ್ದು.
ಅರ್ಬಾಬ ಸಲಾಲಾಕ್ಕ ಹೋಗ್ಯಾನ, ಸಹಿ ಇಲ್ಲ.
ಅಂವಾ ಅವತ್ತ ಮುಂಜಾನೆ ನನ್ನ ಚಪ್ಪಲಿ ಹಾಕ್ಕೊಂಡು...'
'ನಂಬರ್ ಹೇಳಿ,' ಅಂದಳು ಮರ್ಸೆಲಿನ್, ತಲೆಯೆತ್ತದೆ.
ಅವನು ನಂಬರು ಹೇಳಿದ.
ಚಪ್ಪಲಿ ಅಲ್ಲೇ ಉಳಿಯಿತು.

ಒಂದಕ್ಕೆ ಬೀಗ. ನಾಲ್ಕರವರೆಗೆ ಪೇಟೆ ಮಲಗುತ್ತದೆ.
ನಾನೊಬ್ಬನೇ, ಒಳಗೆ, ನಿನ್ನೆಯ ಪರೋಟ ಹರಿಯುತ್ತ,
ಸಾಲು ಸಾಲು ಕೋಡು ತಿರುವಿ ಹಾಕಿದೆ.

ತಪ್ಪು ಮಗುವಿನದಲ್ಲ.
ಎರಡು ಪೈಪು ಕೊಟ್ಟು ಕಳಿಸಿದ್ದೆ,
ಉತ್ತರಕ್ಕೊಂದು, ದೂರಿಗೊಂದು.
ಉತ್ತರದ ಪೈಪಿಗೆ ಕಿವಿಯಿಟ್ಟು ಕೂತವನು
ದೂರಿನದ್ದನ್ನು ಒಂದು ಸಲವೂ ಓದಿರಲಿಲ್ಲ.
ಅರವತ್ತೈದು ಸಾವಿರ ಚಿಲ್ಲರೆ ಬೈಟು ಹಿಡಿಯುವ ಪೈಪು
ತುಂಬಿತ್ತು. ಮುಂದಿನ ಅಕ್ಷರ ಕೈಯಲ್ಲಿ ಹಿಡಿದು
ಇಳಿಸಲು ಜಾಗವಿಲ್ಲದೆ ನಿಂತಿತ್ತು ಅದು.
ನಾನು ಅದರ ಮಾತಿಗೆ ಕಾದಿದ್ದೆ,
ಅದು ನನ್ನ ಕಿವಿಗೆ.

ಬಗ್ಗಿಸಿ ಓದಿದೆ. ಒಂದೇ ಸಾಲು, ಸಾವಿರ ಸಲ:
'ತಾಳಿಕೋಟಿಯ ಳ. ಅರಬಿಯಲ್ಲಿ ಜೋಡಿ ಅಕ್ಷರವಿಲ್ಲ. ಏನು ಮಾಡಲಿ?'
'ತಾಳಿಕೋಟಿಯ ಳ. ಅರಬಿಯಲ್ಲಿ ಜೋಡಿ ಅಕ್ಷರವಿಲ್ಲ. ಏನು ಮಾಡಲಿ?'

ಲ ಅಂತ ಬರಿ, ಸಾಕು, ಅಂತ ಹೇಳಿಕೊಟ್ಟೆ.
ಎರಡು ಪೈಪಿಗೂ ಒಂದೊಂದು ಕಿವಿ ಕಟ್ಟಿದೆ.
ಗುಂಡಿ ಒತ್ತಿದೆ.
ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ಸೊನ್ನೆ.

ಶಟರು ಎತ್ತಿದರೆ ಮೆಟ್ಟಿಲ ಮೇಲೆ ಮೌನೇಶ,
ಗೇಣಗಲ ನೆರಳಿಗೆ ಮೈ ಹೊಂದಿಸಿ ಕೂತಿದ್ದ, ಮೂರು ತಾಸಿನಿಂದ.
ಹಾಳೆ ಕೊಟ್ಟೆ. ಮಡಿಸಿ ಅಂಗಿಯೊಳಗಿಟ್ಟ. ಏಳಲಿಲ್ಲ.
ಎದುರಿನ ಹೋಟೆಲಿಂದ ಎರಡು ಕರಕ್ ತರಿಸಿ
ನಾನೂ ಮೆಟ್ಟಿಲಿಗೆ ಕೂತೆ. ಕಲ್ಲು ಸುಡುತ್ತಿತ್ತು.

'ನಿನ್ನ ಚಪ್ಪಲಿ ಹಾಕ್ಕೊಂಡು?' ಅಂದೆ.

ಕಪ್ಪಿನೊಳಗೆ ಬಹಳ ಹೊತ್ತು ನೋಡಿದ.

'ಎಡಗಾಲಿಂದು ಉಂಗುಷ್ಟ ಹರದಿತ್ರೀ,' ಅಂದ.
'ಏಣಿ ಹತ್ತೂ ಮುಂದ ಹೇಳಬೇಕಿತ್ತು.'