ಜರಡಿ ನಂಬರ್ ಹದಿನೇಳು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ಹನ್ನೊಂದು ವರ್ಷ
ನನ್ನ ಕೆಲಸ, ಜರಡಿ ನಿಲ್ಲದಂತೆ ನೋಡಿಕೊಳ್ಳುವುದು.
ಬೆಲ್ಟು, ಬೇರಿಂಗು, ಗ್ರೀಸು.
ಹದಿನೇಳರ ಮೇಲೆ ನಿಂತದ್ದು ಏ ಗ್ರೇಡು,
ಕೆಳಗೆ ಬಿದ್ದದ್ದು ಬಿ, ಅದಕ್ಕೂ ಕೆಳಗೆ ಸಿ.
ಒಂಟಿ ಬೀಜ ಪೀಬೆರಿ
ತನ್ನದೇ ದಾರಿ ಹಿಡಿದು ಉರುಳುತ್ತದೆ.

ಈಗ ನನ್ನನ್ನೇ ಜರಡಿಗೆ ಹಾಕಿದ್ದಾರೆ.
ವಯಸ್ಸಿಗೆ ಎರಡು ಅಂಕ,
ಬರುವ ಶ್ರಾವಣಕ್ಕೆ ಮೂವತ್ತೈದು ತುಂಬಿದರೆ ಒಂದೇ.
ಅನುಭವಕ್ಕೆ ಇಷ್ಟು, ಭಾಷೆಗೆ ಇಷ್ಟು,
ಆ ದೇಶದಲ್ಲಿ ಮೊದಲೇ ಇದ್ದು ಬಂದಿದ್ದರೆ ಇನ್ನೊಂದು.
ನಾನು ಇದ್ದು ಬಂದ ದೂರದ ಊರೆಂದರೆ ಹಾಸನ,
ಐಟಿಐ, ಫಿಟ್ಟರ್ ಬ್ಯಾಚು,
ನಲವತ್ತು ಹುಡುಗರ ನಡುವೆ ಅರ ಹಿಡಿದ ಒಬ್ಬಳೇ ಹುಡುಗಿ.
ಅದಕ್ಕೆ ಅಂಕವಿಲ್ಲ.

ಅರ್ಜಿಯಲ್ಲಿ ಕುಟುಂಬದ ಹೆಸರಿಗೊಂದು ಖಾನೆ.
ಕೆ. ಆರ್. ಬಿಡಿಸಿ ಬರೆಯಿರಿ ಎಂದರು.
ಕೂಡಿಗೆ ನನ್ನ ಊರು, ರಾಮಣ್ಣ ನನ್ನ ಅಪ್ಪ.
ಹಾಗಾದರೆ ಅಲ್ಲಿ ನಾನು ಕುಸುಮಾವತಿಯಲ್ಲ,
ಫ್ರೌ ರಾಮಣ್ಣ.

ನಗು ಬಂತು.
ಇದೇ ಗೋದಾಮಿನಲ್ಲಿ ಹಮಾಲಿಯಾಗಿದ್ದ ಅಪ್ಪ,
ಒಂದೊಂದೂ ಅರವತ್ತು ಕೆಜಿ, ಲಾರಿಗೆ ಹೇರಿ ಹೇರಿ
ಬಲ ಭುಜ ಒಂದಿಂಚು ಕೆಳಗಾಗಿತ್ತು.
ಮೂಟೆಯ ಮೇಲೆ ಮಸಿಯಲ್ಲಿ ಒತ್ತಿದ್ದು ತೋರಿಸಿ
“ಏನಿದೆ, ಓದು” ಎನ್ನುತ್ತಿದ್ದ.
ಹ್ಯಾಂಬರ್ಗ್, ಎಂದು ಓದುತ್ತಿದ್ದೆ. ಐದನೇ ಕ್ಲಾಸು.
“ಎಲ್ಲಿದೆ ಅದು?”
ಮೂಟೆ ಹೋಗೋ ಕಡೆ, ಎನ್ನುತ್ತಿದ್ದೆ.

ಮೂಟೆಗೆ ಹೊರಡುವ ಮೊದಲೇ ಕೊಳ್ಳುವವರಿದ್ದಾರೆ.
ಸ್ಯಾಂಪಲ್ ಹೋಗಿ, ಕುಡಿದು ನೋಡಿ, ಬೆಲೆ ಕುದುರಿ
ಆಮೇಲಷ್ಟೇ ಗೋಣಿಯ ಬಾಯಿ ಹೊಲಿಯುವುದು.
ನನ್ನನ್ನು ಯಾರೂ ಕರೆದಿಲ್ಲ.
ಹುಡುಕಲು ಅನುಮತಿ, ಅಷ್ಟೆ. ಒಂದು ವರ್ಷ.

ಆ ವರ್ಷದ ಅನ್ನ, ಬಾಡಿಗೆಯ ದುಡ್ಡು
ಮೊದಲೇ ಅವರ ಬ್ಯಾಂಕಿನಲ್ಲಿ ಕೂರಿಸಬೇಕು,
ನನ್ನದೇ ದುಡ್ಡು, ತಿಂಗಳಿಗಿಷ್ಟೆಂದು ಅವರು ಬಿಡುತ್ತಾರೆ.
ಪಿಎಫ್ ತೆಗೆದೆ. ಸರ ಮಾರಿದೆ.
ಇನ್ನೂ ನಲವತ್ತು ಸಾವಿರ ಕಡಿಮೆ ಬಿತ್ತು.
ನಫೀಸುಮ್ಮನ ಬಾಗಿಲಿಗೆ ಹೋದೆ. ಹೋಗಬಾರದಿತ್ತು.

ಕಲರ್ ಸಾರ್ಟರ್ ಬಂದ ವರ್ಷ
ಅದರ ಬೋಲ್ಟು ಬಿಗಿದವಳು ನಾನು.
ಕರಿ ಬೀಜ ಕ್ಯಾಮೆರಾಕ್ಕೆ ಕಂಡರೆ ಸಾಕು,
ಗಾಳಿ ಊದಿ ಫಟ್ ಎಂದು ಎಸೆಯುತ್ತದೆ.
ಮೇಜಿನ ಸುತ್ತ ಕೂತು ಬೀಜ ಆರಿಸುತ್ತಿದ್ದ
ಮೂವತ್ತಾರು ಹೆಂಗಸರು
ಮುಂದಿನ ಸೋಮವಾರ ಬರಲಿಲ್ಲ.
ಅವರಲ್ಲಿ ಕೊನೆಯ ಮೇಜು, ಕಿಟಕಿ ಪಕ್ಕ, ನಫೀಸುಮ್ಮ.
ಈಗ ಬಸ್ ಸ್ಟ್ಯಾಂಡ್ ಬದಿ ಪತ್ತಿರಿ ಮಾರುತ್ತಾಳೆ.

ದುಡ್ಡು ಎರಡು ಸಲ ಎಣಿಸಿ ಕೊಟ್ಟಳು.
ಆ ಮಾತೇ ಎತ್ತಲಿಲ್ಲ. ಕೇಳಿದ್ದು ಇಷ್ಟೇ:
“ಅಲ್ಲಿ ಆರಿಸೋದು ಕೈಯಾ, ಮಿಷನ್ನಾ?”
ಗೊತ್ತಿಲ್ಲ ಎಂದೆ.
“ಕೈಯಾದ್ರೆ ಒಂದ್ಸಲ ತಿರುಗಿಸಿ ನೋಡ್ತದೆ.”

ರಾತ್ರಿ ಒಂಬತ್ತಕ್ಕೆ, ಹೊಳೆಯಾಚೆ ಬೈಲುಕುಪ್ಪೆಯಿಂದ
ಡೋಲ್ಕರ್ ಫೋನಿನಲ್ಲಿ ಪಾಠ ಹೇಳುತ್ತಾಳೆ.
‘ಏಕೆಂದರೆ’ ಎಂದು ಹೊರಟರೆ ಆ ಭಾಷೆಯಲ್ಲೂ
ಕ್ರಿಯಾಪದ ಕೊನೆಗೆ, ನಮ್ಮ ಹಾಗೆಯೇ.
ಎಲ್ಲ ಹೇಳಿ ಮುಗಿಸುವವರೆಗೆ
ಬಂದಳೋ ಹೋದಳೋ ತಿಳಿಯುವುದಿಲ್ಲ.
ಇದೊಂದು ನನಗೆ ಸಲೀಸಾಗಿ ಬಂತು.
ಉಳಿದದ್ದೆಲ್ಲ ಗಂಟಲಲ್ಲಿ ಮೀನಿನ ಮುಳ್ಳು.

ಬೆಂಗಳೂರಿನಲ್ಲಿ ಗಾಜಿನಾಚೆಯವರು ಕೇಳಿದರು:
ವರ್ಷ ಕಳೆದೂ ಕೆಲಸ ಸಿಗದಿದ್ದರೆ?
ಹಿಂದಿರುಗುತ್ತೇನೆ, ಎಂದೆ.
ಕಲಿತ ವಾಕ್ಯ. ವ್ಯಾಕರಣ ತಪ್ಪಿರಲಿಲ್ಲ.

ನಿನ್ನೆ ನನ್ನ ಕೊನೆಯ ಶನಿವಾರ. ಜರಡಿ ಬಿಚ್ಚಿದೆ.
ಅಲ್ಲಲ್ಲಿ ತೂತಿನಲ್ಲಿ ಒಂದೊಂದು ಬೀಜ
ಸಿಕ್ಕಿಕೊಂಡು ಕೂತಿರುತ್ತದೆ,
ಮೇಲೂ ನಿಲ್ಲದೆ, ಕೆಳಗೂ ಬೀಳದೆ.
ಹೊಸ ಹುಡುಗ ಸಜನ್‌ಗೆ ತೋರಿಸಿದೆ:
ಹಿಂದಿನಿಂದ ಒತ್ತು, ಮೆಲ್ಲಗೆ, ಒಡೆಯಬಾರದು.
ಬಿಡಿಸಿದ. ಬೊಗಸೆ ತುಂಬ ಆಯಿತು.
“ಇವನ್ನ ಯಾವ ಗ್ರೇಡಿಗೆ ಹಾಕಲಿ ಅಕ್ಕಾ?”

ಇನ್ನೊಂದ್ಸಲ ಮೇಲಿನಿಂದ ಸುರಿ, ಎಂದೆ.