ಅರವತ್ತು ಇಂಚಿನ ಟೇಪು

ಭಾನುವಾರ ರವಿಕೆಗಳ ರಾಶಿ ಪಕ್ಕಕ್ಕೆ ಸರಿಸಿ
ಟೇಪು ಕೊರಳಿಗೆ ಹಾಕಿಕೊಂಡು ಶೆಡ್ಡಿಗೆ ಹೋದೆ.
ಪಾಲಯ್ಯ ನಕ್ಕ: "ಗಾಡಿಗೆ ಕುಪ್ಪಸ ಹೊಲಿತೀಯೇನೇ?"
ನಗು ಆಮೇಲೆ, ಈಗ ಬರಕೋ, ಅಂದೆ.

ಓಮ್ನಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನದರ ನಡುವಿಗೆ.
ಟೇಪು ಅರವತ್ತಕ್ಕೇ ಮುಗಿಯಿತು;
ಬಟ್ಟೆಯ ಚಾಕಿನಲ್ಲಿ ನೆಲಕ್ಕೊಂದು ಗೀಟು ಎಳೆದು
ಮತ್ತೆ ಹನ್ನೆರಡು.
ಮಾರುತಿ ಎಂಟುನೂರು, ಗೀಟಿನಾಚೆ ಇಪ್ಪತ್ತಾರು.
ಮೆದೇಹಳ್ಳಿ ಕಂಟ್ರಾಕ್ಟರನ ಬೊಲೆರೊ, ನಲವತ್ತಾರು;
ಮೈಯೂ ಭಾರ, ಉಳಿಸಿಕೊಂಡ ಬಾಕಿಯೂ ಭಾರ.

ಹೊಟ್ಟೆಗೂ ನೆಲಕ್ಕೂ ನಡುವಿನ ಸಂದು ಅಳೆಯಲು
ಚಪ್ಪಡಿಯ ಮೇಲೆ ಅಂಗಾತ ಮಲಗಬೇಕಾಯಿತು.
ಮದುವೆಯಾಗಿ ಹದಿನೇಳು ವರ್ಷ.
ಅವನು ದಿನಾ ನೋಡುವ ಆಕಾಶ
ನಾನು ಕಂಡದ್ದು ಅವತ್ತೇ:
ಕರಿ ಜಿಡ್ಡು, ಒಂದು ನಟ್ಟು,
ಬೀಳಲೋ ಬೇಡವೋ ಎನ್ನುತ್ತ ಅದರ ತುದಿಗೊಂದು ಎಣ್ಣೆಹನಿ.

ಬಾಗಿಲ ಅಡಿಗೆ ತಗಡು ತಗಡನ್ನು ಕಚ್ಚಿ ಮಡಿಚಿದ ಅಂಚು.
"ಎತ್ತೋದು ಇಲ್ಲೇ," ಬೆರಳಿಟ್ಟು ತೋರಿಸಿದ,
"ನಾಲ್ಕು ಬೆರಳು ಒಳಗೆ ಹೋದ್ರೆ ಮೈ ನೆಗ್ಗುತ್ತೆ."
ನನಗೆ ಹೇಳಬೇಕೆ?
ಒಣಗಿದ ಸೀರೆಯನ್ನೂ ಅಂಚು ಹಿಡಿದೇ ಮಡಿಸುವುದು.
ಬೊಲೆರೊಗೆ ಮಾತ್ರ ಆ ಅಂಚಿಲ್ಲ,
ಅದರ ಜೀವವೆಲ್ಲ ಚಾಸಿಯಲ್ಲಿ.

ಇಷ್ಟೆಲ್ಲ ಯಾಕೆ ಅಂದರೆ,
ಹೋದ ಕಾರ್ತೀಕದ ಒಂದು ಸಂಜೆ
"ಚಾ ಆರ್ತೈತೆ ಬಾ" ಎಂದು ಕೂಗಿದೆ.
ಬಂದ.
ಲೋಟ ಕೈಗೆ ಕೊಡುವಷ್ಟರಲ್ಲಿ ಹಿಂದೆ ಸದ್ದು.
ಸಿಮೆಂಟಿಟ್ಟಿಗೆ ಬಿಸ್ಕತ್ತಿನಂತೆ ಪುಡಿಯಾಗಿ
ಓಮ್ನಿ ಕೂತಿತ್ತು,
ಅವನು ಮಲಗಿದ್ದ ಗೋಣಿತಾಟಿನ ಮೇಲೆ.
ಇಬ್ಬರೂ ಮಾತಾಡಲಿಲ್ಲ. ಅವನು ಚಾ ಕುಡಿದ.
ನಾನು ಆ ರಾತ್ರಿ ಯಾರದೋ ರವಿಕೆಗೆ
ಎಡದ ತೋಳು ಬಲಕ್ಕೆ ಹೊಲಿದೆ.

ಭಾವ ಬೋಸಯ್ಯನದು ಬೇರೆಯೇ ವಾದ:
"ಬೆಟ್ಟ ನೋಡವ್ವ, ಬಂಡೆ ಮೇಲೆ ಬಂಡೆ ಕೂತೈತೆ,
ಯಾರು ಜಾಕು ಕೊಟ್ಟಿದ್ರು?"
ಅದರ ಕೆಳಗೆ ಯಾರೂ ಸ್ಪ್ಯಾನರ್ ಹಿಡಿದು ಮಲಗಲ್ಲ ಭಾವ,
ಅಂದೆ.

ದಾವಣಗೆರೆ ಬಸ್ಸು ಹತ್ತಿದೆವು.
ಅಂಗಡಿಯ ಪರ್ವೇಜ್ ಮೊದಲು ತೋರಿಸಿದ್ದು ಎರಡು ಕಂಬದ್ದು,
ಕೆಂಪಗೆ, ಮದುಮಗನ ಹಾಗೆ. ನಾಲ್ಕು ಟನ್ನು.
ಪಾಲಯ್ಯನ ಕಣ್ಣು ಅಲ್ಲೇ ನೆಟ್ಟಿತು.
ಬಾಡಿಗೆ ಶೆಡ್ಡು, ಚಪ್ಪಡಿ ಕೆಳಗೆ ಮುಚ್ಚಿದ ಹಳೇ ಸಂಪು,
ಬೋಲ್ಟು ಎಲ್ಲಿಗೆ ಹೊಡೀತೀಯ?
ಆಮೇಲೆ ಜೋಡಿ ಹಳಿಯದು ಬಂತು;
ಕೆಲಸ ಮುಗಿದರೆ ಉರುಳಿಸಿ ಗೋಡೆಗೆ ಒರಗಿಸಬಹುದು,
ಮನೆ ಬಿಟ್ಟರೆ ಪಾತ್ರೆ ಜೊತೆ ಹೊರಡಬಹುದು.

ಚೀಟಿ ಬಿಚ್ಚಿದೆ.
ಗಿಡ್ಡದ್ದು ಓಮ್ನಿಗೆ ಸರಿ, ಬೊಲೆರೊಗೆ ಬಿಗಿ.
ಉದ್ದದ್ದು ಓಮ್ನಿಯ ಗಾಲಿಗೇ ತಾಗುತ್ತದೆ.
ಗಿಡ್ಡದಕ್ಕೆ ಜೋಡಿಸುವ ತುಂಡು ಬೇರೆ ಇದೆ ಎಂದ.
ಒಳಗೆ ಬಟ್ಟೆ ಬಿಟ್ಟು ಹೊಲಿದ ಹಾಗೆ, ಅಂದೆ.
ಅವನಿಗೆ ಅರ್ಥವಾಗಲಿಲ್ಲ.
ಬೊಲೆರೊ ಒಂದೂವರೆ ಮೀರುತ್ತೆ, ಎರಡೂವರೆ ಟನ್ನಿಂದು ಕೊಡಿ;
ಅಂಚಿಗೆ ಸೀಳಿದ ರಬ್ಬರು, ಚಾಸಿಗೆ ಎತ್ತರದ್ದು.
ಇನ್ನೊಂದು ಮಾತು:
ಎತ್ತಿದ ಮೇಲೆ ಎಣ್ಣೆ ಸೋರಿದರೆ, ಕರೆಂಟು ಹೋದರೆ,
ಹಿಡಕೊಳ್ಳೋರು ಯಾರು?

ಪರ್ವೇಜ್ ಬೆಲೆ ಹೇಳುವುದು ನಿಲ್ಲಿಸಿ
ಕುಕ್ಕರುಗಾಲಲ್ಲಿ ಕೂತು
ಒಂದು ಕಬ್ಬಿಣದ ನಾಲಿಗೆ ತೋರಿಸಿದ. ಟಕ್.
ಇನ್ನೊಂದು ಸಲ, ಅಂದೆ.
ಟಕ್.
ಅರ್ಧ ನನ್ನ ಚೀಟಿ ಹಣ, ಉಳಿದದ್ದು ಕಂತು.

ಈಗ ಗಾಡಿ ಗೇಣೆತ್ತರ ಏಳುತ್ತಲೇ ಅವನು ನಿಲ್ಲಿಸಿ ಕೂಗುತ್ತಾನೆ.
ಹೋಗಿ ಎರಡೂ ಕೈಯಿಟ್ಟು ಅಲುಗಿಸುತ್ತೇನೆ,
ಗಿರಾಕಿಗೆ ಕೊಡುವ ಮುನ್ನ ಹೊಲಿಗೆ ಜಗ್ಗಿ ನೋಡುವ ಹಾಗೆ.
ವಾಪಸು ಮಿಷನ್ನಿಗೆ ಬಂದು
ಪೆಡಲಿನ ಮೇಲೆ ಕಾಲಿಟ್ಟು ತುಳಿಯದೆ ಕೂರುತ್ತೇನೆ.
ಎಡಕ್ಕೊಂದು ಟಕ್.
ಬಲಕ್ಕೊಂದು.
ಎರಡೂ ಕೇಳಿದ ಮೇಲೇ ದಾರ ಪೋಣಿಸುವುದು.
ಚಾ ಆರಿದರೆ ಆರಲಿ.